ಕಡಲೆಕಾಯಿಗೆ ಕಾಡು ನೆಂಟರ ಜೊತೆ ಸಂಕರ ಯಾಕೆ ಸುಲಭವಲ್ಲ?

ಪ್ರಶ್ನೆ: ಸಂತೆಗೆ ಹೋದರೆ ಕೆಂಪು, ನಸುಗೆಂಪು, ದಪ್ಪ, ಸಣ್ಣ ಎಂದು ಎಷ್ಟೋ ಬಗೆಯ ಕಡಲೆಕಾಯಿ ಬೀಜ ಸಿಗುತ್ತದೆ. ಆದರೂ ಈ ಬೆಳೆಯಲ್ಲಿ ತಳಿ ವೈವಿಧ್ಯ ಕಡಿಮೆ ಎನ್ನುತ್ತಾರೆ. ಕಾಡು ಜಾತಿಗಳ ಜೊತೆ ಸಂಕರ ಮಾಡಿದರೆ ಆಗದೇ?

ಉತ್ತರ: ಆಗುತ್ತದೆ, ಮಾಡಿಯೂ ಇದ್ದಾರೆ. ಆದರೆ ನೇರವಾಗಿ ಮಾಡಲು ಹೋದರೆ ವರ್ಣತಂತುಗಳ (ಜೀವಕೋಶದಲ್ಲಿ ಜೀನ್‌ಗಳನ್ನು ಹೊತ್ತ ಎಳೆಗಳ) ಲೆಕ್ಕ ಅಡ್ಡ ಬರುತ್ತದೆ.

ಕಡಲೆಕಾಯಿಯ ಕುಲ ಅರಾಕಿಸ್. ಇದರಲ್ಲಿರುವ ಸುಮಾರು 80 ಪ್ರಭೇದಗಳೂ ದಕ್ಷಿಣ ಅಮೆರಿಕದವೇ. ಹೆಚ್ಚಿನವುಗಳಲ್ಲಿ ವರ್ಣತಂತು 20, ಬೆರಳೆಣಿಕೆಯವುಗಳಲ್ಲಿ 18. ನಮ್ಮ ಹೊಲದ ಕಡಲೆಕಾಯಿಯಲ್ಲಿ 40. ಸುಮಾರು 10,000 ವರ್ಷಗಳ ಹಿಂದೆ ಡ್ಯುರಾನೆನ್ಸಿಸ್, ಇಪೆಯೆನ್ಸಿಸ್ ಎಂಬ ಎರಡು ಕಾಡು ಜಾತಿಗಳು ಕೂಡಿ, ವರ್ಣತಂತುಗಳು ಇಮ್ಮಡಿಯಾಗಿ ಹುಟ್ಟಿದ ಗಿಡ ಇದು. ಇಪೆಯೆನ್ಸಿಸ್ ಸಿಕ್ಕಿರುವುದು ಬೊಲಿವಿಯಾದ ಒಂದೇ ಒಂದು ಜಾಗದಲ್ಲಿ. ಹೂವಿನ ಬುಡದಿಂದ ಸೂಜಿಯಂಥ ಕಡ್ಡಿ ಇಳಿದು ಅಲ್ಲೇ ಮಣ್ಣೊಳಗೆ ಕಾಯಿ ಕಟ್ಟುವ ಈ ಗಿಡಗಳು ತಾವಾಗಿ ದೂರ ಹೋಗುವಂಥವಲ್ಲ. ಇಪೆಯೆನ್ಸಿಸ್ ಬೀಜವನ್ನು ಡ್ಯುರಾನೆನ್ಸಿಸ್ ಇದ್ದ ಕಡೆಗೆ ಮನುಷ್ಯರೇ ಒಯ್ದಿರಬೇಕು ಎಂದು 2016ರಲ್ಲಿ ಎರಡರ ಜೀನೋಮ್ (ಇಡೀ ಜೀನ್ ಬರಹ) ಓದಿದ ವಿಜ್ಞಾನಿಗಳು ಊಹಿಸಿದರು. ನನಗೂ ಅದೇ ಸರಿ ಅನ್ನಿಸುತ್ತದೆ.

40 ಆದ ಮೇಲೆ 20ರ ನೆಂಟರ ಜೊತೆ ಕೊಡುಕೊಳ್ಳುವಿಕೆ ಹೆಚ್ಚುಕಡಿಮೆ ನಿಂತೇಹೋಯಿತು. ಮೇಲಾಗಿ ಹೂವು ಬಹುಪಾಲು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ.

ಹಾಗಾದರೆ ಇಷ್ಟು ಬಗೆ ಎಲ್ಲಿಂದ ಬಂತು? ರೈತರು ಆರಿಸಿ ಆರಿಸಿ ಉಳಿಸಿಕೊಂಡದ್ದು ಒಂದು ಕಾರಣ. ಎರಡು ಮೂಲಗಳ ವರ್ಣತಂತುಗಳು ತಮ್ಮೊಳಗೇ ತುಣುಕು ಅದಲುಬದಲು ಮಾಡಿಕೊಳ್ಳುವುದು ಇನ್ನೊಂದು. ಅದೇ ಎರಡು ಕಾಡು ಜಾತಿಗಳನ್ನು ಪ್ರಯೋಗದಲ್ಲಿ ಮತ್ತೆ ಕೂಡಿಸಿದಾಗ, ಕೆಲವೇ ತಲೆಮಾರುಗಳಲ್ಲಿ ಕಿತ್ತಳೆ ಹೂವಿನ ಗಿಡಗಳ ನಡುವೆ ಹಳದಿ ಹೂವಿನವು ಕಾಣಿಸಿಕೊಂಡವು. ಬಣ್ಣ ಹೊಸದು, ಜೀನ್‌ಗಳು ಹಳೆಯವೇ. ಉದಾಹರಣೆಗೆ, ಎಲೆಗೆ ಬರುವ ತುಕ್ಕು ರೋಗ ತಡೆಯುವ ಗಟ್ಟಿ ಜೀನ್ ಆ ಹಳೆಯ ಜೀನ್‌ಗಳ ಗಂಟಿನಲ್ಲಿ ಇಲ್ಲದಿದ್ದರೆ ಎಷ್ಟು ಅದಲುಬದಲಾದರೂ ಅದು ಬರುವುದಿಲ್ಲ.

ಆ ಶಕ್ತಿ ಇದ್ದದ್ದು ಕಾರ್ಡೆನಾಸಿ ಎಂಬ ಕಾಡು ಜಾತಿಯಲ್ಲಿ. ಕಡಲೆಕಾಯಿಯ ಜೊತೆ ಅದನ್ನು ಕೂಡಿಸಿದರೆ ಎರಡೂ ಕಡೆಯಿಂದ ಅರ್ಧರ್ಧ, ಅಂದರೆ 20 ಮತ್ತು 10 ಸೇರಿ 30 ವರ್ಣತಂತುಗಳ ಗಿಡ ಹುಟ್ಟುತ್ತದೆ. ಹತ್ತು ಒಂಟಿಯಾಗಿ ಉಳಿಯುವುದರಿಂದ ಗಿಡ ಹೆಚ್ಚುಕಡಿಮೆ ಬಂಜೆ. ಅದಕ್ಕೆ ವರ್ಣತಂತುಗಳನ್ನು ಇಮ್ಮಡಿ ಮಾಡುವ ಕಾಲ್ಚಿಸಿನ್ ಎಂಬ ರಾಸಾಯನಿಕ ಹಾಕಿ 60 ಮಾಡಿದರೆ ಎಲ್ಲಕ್ಕೂ ಜೋಡಿ ಸಿಗುತ್ತದೆ, ಬೀಜ ಕಟ್ಟುತ್ತದೆ. ಮುಂದೆ ತಲೆಮಾರಿನಿಂದ ತಲೆಮಾರಿಗೆ ಹೆಚ್ಚುವರಿ ವರ್ಣತಂತು ಕಳಚುತ್ತಾ 40ಕ್ಕೆ ಇಳಿದ ಗಿಡಗಳಲ್ಲಿ ಕಾಡಿನ ತುಣುಕು ಉಳಿದಿರುವುದನ್ನು ಹುಡುಕಬೇಕು. ವರ್ಷಗಟ್ಟಲೆ ತಾಳ್ಮೆ ಬೇಡುವ ಕೆಲಸ.

ಇಂಥ ಸಾಲಿನಿಂದಲೇ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ಬಂತು. ತುಕ್ಕು, ಎಲೆಚುಕ್ಕೆ ಎರಡನ್ನೂ ತಡೆಯುವ ತಳಿ. ಮುಂದೆ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯವರು ಇದರ ತುಕ್ಕು ನಿರೋಧಕ ಭಾಗವನ್ನು ಜೆಎಲ್-24, ಟಿಎಜಿ-24ರಂಥ ತಳಿಗಳಿಗೆ ದಾಟಿಸಿದರು. ಆಗ ಕಾಲ್ಚಿಸಿನ್ ಬೇಕಾಗಲಿಲ್ಲ, ಎರಡೂ ಕಡೆ 40 ಇತ್ತು.