ಮೆಟ್ನರ್ ಕೇಳುವಾಗ ಶ್ರುತಿ ಪೆಟ್ಟಿಗೆ ನಿಲ್ಲಿಸಿ

ಕರ್ನಾಟಕ ಸಂಗೀತದಲ್ಲಿ ಪಿಟೀಲೋ ಹಾಡೋ ಕಲಿತು, ಈಗ ಪಾಶ್ಚಾತ್ಯ ಚೇಂಬರ್ ಸಂಗೀತದ (ಕೆಲವೇ ವಾದಕರು ಸೇರಿ ನುಡಿಸುವಂಥದ್ದು) ಕಡೆ ಕಿವಿ ಹಾಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶಂಕರಾಭರಣ, ಕಲ್ಯಾಣಿ ರಾಗಗಳು ಗೊತ್ತಿದ್ದರೆ ಸಾಕು. ನನಗೆ ಎರಡು ವಾರ ತಲೆ ತಿಂದ ವಿಷಯ ಒಂದೇ ಒಂದು: ಅಲ್ಲಿ ಷಡ್ಜ ನಡುವೆಯೇ ಜಾಗ ಬದಲಿಸುತ್ತದೆ. ಅದು ಮರೆತುಹೋಗುವ ಮೊದಲು ಬರೆದಿಡಬೇಕು ಅನ್ನಿಸಿತು.

ರಷ್ಯಾದ ರಚನಕಾರ ನಿಕೊಲಾಯ್ ಮೆಟ್ನರ್ ಯಾಕೆ ಅಂದರೆ, ನಾವು ಮೈಸೂರಿನವರು. ಜಯಚಾಮರಾಜೇಂದ್ರ ಒಡೆಯರ್ ಅವರ ಕೃತಿಗಳನ್ನು ಇಲ್ಲಿ ಕಲಿಯುವವರು ಬಹಳ ಜನ ಇದ್ದಾರೆ. ಅದೇ ಮಹಾರಾಜರು ಪಿಯಾನೋ ಕಲಿತವರು, ಮೆಟ್ನರ್ ಸಂಗೀತ ಎಂದರೆ ಅವರಿಗೆ ಪ್ರಾಣ. ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿದ್ದು ಅವರ ಹಣದಿಂದ. ಅರಮನೆ ದೀಪ ನೋಡಲು ಹೋದಾಗಲೆಲ್ಲ ನನಗೀಗ ಇದು ನೆನಪಾಗುತ್ತದೆ.

ಜೀವನ, ಬೇಗ ಬೇಗ

ಹುಟ್ಟಿದ್ದು ಮಾಸ್ಕೋದಲ್ಲಿ, 1880. ಓದಿದ್ದು ಮಾಸ್ಕೋ ಕನ್ಸರ್ವೇಟರಿಯಲ್ಲಿ, 1900ರಲ್ಲಿ ಮುಗಿಸಿದರು. ದೊಡ್ಡ ಪಿಯಾನೋ ವಾದಕ ಆಗಬಹುದಿತ್ತು. ರಚನೆಯೇ ಸಾಕು ಅಂದರು. 1921ರಲ್ಲಿ ರಷ್ಯಾ ಬಿಟ್ಟರು. ಜರ್ಮನಿ, ಫ್ರಾನ್ಸ್ ಆಗಿ, 1930ರ ದಶಕದ ನಡುವೆ ಲಂಡನ್ನಿಗೆ ಬಂದರು. ರಷ್ಯಾದ ಇನ್ನೊಬ್ಬ ದೊಡ್ಡ ರಚನಕಾರ ರಾಖ್ಮನಿನಾಫ್ ತಾವು ಬದುಕಿರುವವರೆಗೂ ಜೊತೆ ನಿಂತ ಗೆಳೆಯ. ಯುದ್ಧ ಶುರುವಾದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ದುಡ್ಡು ನಿಂತಿತು. 1942ರಲ್ಲಿ ಹೃದಯಾಘಾತ. ಮೈಸೂರಿನ ನೆರವು ಸಿಕ್ಕಿದ್ದು ಇದಾದ ಮೇಲೆ. 1947ರಿಂದ ಅವರು ತಮ್ಮ ರಚನೆಗಳನ್ನು ತಾವೇ ನುಡಿಸಿ ಎಚ್‌ಎಂವಿ ಕಂಪನಿಗೆ ರೆಕಾರ್ಡ್ ಮಾಡಿದರು. ಮೂರನೇ ಪಿಯಾನೋ ಕನ್ಚೆರ್ಟೋವನ್ನು ಮಹಾರಾಜರಿಗೆ ಅರ್ಪಿಸಿದ್ದಾರೆ. 1951ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡರು.

ಒಂದು ಮಾತು: ಅರ್ಪಿಸಿದ್ದು ಕನ್ಚೆರ್ಟೋ, ಅಂದರೆ ದೊಡ್ಡ ಆರ್ಕೆಸ್ಟ್ರಾ ಜೊತೆ ನುಡಿಸುವಂಥದ್ದು. ಅದು ಚೇಂಬರ್ ಸಂಗೀತ ಅಲ್ಲ. ಚೇಂಬರ್ ಅಂದರೆ ಒಂದು ಸಾಲಿಗೆ ಒಬ್ಬರೇ ವಾದಕರು, ಮುಂದೆ ನಿಂತು ಕೈ ಬೀಸುವವರು ಇಲ್ಲ. ನಮ್ಮ ಕಚೇರಿಯ ಹಾಗೇ ಕಣ್ಸನ್ನೆಯಲ್ಲಿ ನಡೆಯುತ್ತದೆ. ಮೆಟ್ನರ್ ಬರೆದಿದ್ದರಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಪಿಯಾನೋ ಇದೆ. ಚೇಂಬರ್ ರಚನೆಗಳು ಕಡಿಮೆ: ಮುಖ್ಯವಾದವು ಪಿಟೀಲು ಮತ್ತು ಪಿಯಾನೋಗೆ ಮೂರು ಸೊನಾಟಾ (ಕೆಲವು ಭಾಗಗಳಿರುವ ವಾದ್ಯ ರಚನೆ), ಕೊನೆಗೆ ಒಂದು ಪಿಯಾನೋ ಕ್ವಿಂಟೆಟ್. ಕ್ವಿಂಟೆಟ್‌ನಲ್ಲಿ ಎರಡು ಪಿಟೀಲು, ವಿಯೋಲಾ, ಸೆಲ್ಲೋ, ಪಿಯಾನೋ.

ನಾನು ಎಡವಿದ್ದು

ಒಂದು ಬೆಳಿಗ್ಗೆ ಸಾಧನೆ ಮುಗಿಸಿದೆ. ಶ್ರುತಿ ಪೆಟ್ಟಿಗೆ ಸಿ ಮೇಲೆ ಇತ್ತು, ನಾವು ಒಂದು ಮನೆ ಅನ್ನುವ ಶ್ರುತಿ. ಕ್ವಿಂಟೆಟ್ ಸಿ ಮೇಜರ್ (ಅಂದರೆ ಸಿ ಷಡ್ಜ, ಶಂಕರಾಭರಣದ ಸ್ವರಗಳು) ಅಂತ ಬರೆದಿತ್ತಲ್ಲ, ಹೊಂದುತ್ತದೆ ಅಂದುಕೊಂಡು ಪೆಟ್ಟಿಗೆ ನಿಲ್ಲಿಸದೆ ಹಾಗೇ ರೆಕಾರ್ಡಿಂಗ್ ಹಾಕಿದೆ. ಸ್ವಲ್ಪ ಹೊತ್ತು ಸರಿಯಾಗೇ ಇತ್ತು. ಆಮೇಲೆ ಕಿವಿಗೆ ಮರಳು ಹಾಕಿದ ಹಾಗೆ. ರೆಕಾರ್ಡಿಂಗ್ ಹಳೆಯದು, ಶ್ರುತಿ ಇಳಿದಿರಬೇಕು ಅನ್ನಿಸಿತು. ಅದಲ್ಲ. ಅವರ ಷಡ್ಜವೇ ಎದ್ದು ಬೇರೆ ಕಡೆ ಹೋಗಿ ಕೂತಿತ್ತು.

ಮೆಟ್ನರ್ ಬಿಟ್ಟು ಮೊದಲು ಸುಲಭದ್ದು ನೋಡೋಣ. ಪಿಯಾನೋ ಕಲಿಯುವ ಮಕ್ಕಳು ನುಡಿಸುವ ಕ್ಲೆಮೆಂಟಿ ಅನ್ನುವ ರಚನಕಾರರ ಸಿ ಮೇಜರ್ ಸೊನಾಟಿನಾ (ಪುಟ್ಟ ಸೊನಾಟಾ), ಓಪಸ್ (ರಚನೆಯ ಸಂಖ್ಯೆ) 36ರ ಮೊದಲನೆಯದು. ಶುರುವಾಗುವುದು ಸಿ ಷಡ್ಜದಲ್ಲಿ. ಸ್ವರಗಳು ಶಂಕರಾಭರಣದವೇ. ಸ್ವಲ್ಪ ಮುಂದೆ ಎಫ್ ಶಾರ್ಪ್ ಬರುತ್ತದೆ. ಸಿ ಷಡ್ಜ ಹಿಡಿದವರಿಗೆ ಅದು ಪ್ರತಿಮಧ್ಯಮ. ನಾನು ತಕ್ಷಣ "ಓ, ಕಲ್ಯಾಣಿ" ಅಂದೆ. ಪುಸ್ತಕದ ಅಂಚಿನಲ್ಲೂ ಹಾಗೇ ಬರೆದೆ. ತಪ್ಪಾಗಿದ್ದು ಇಲ್ಲೇ.

ಸ್ವರಗಳನ್ನು ಎಣಿಸಿದರೆ ಕಲ್ಯಾಣಿಯೇ: ಸಿ, ಡಿ, ಇ, ಎಫ್ ಶಾರ್ಪ್, ಜಿ, ಎ, ಬಿ. ಆದರೆ ಹಾಡು ಈಗ ನಿಲ್ಲುತ್ತಿರುವುದು ಜಿ ಮೇಲೆ. ಜಿಯನ್ನು ಷಡ್ಜ ಅಂದುಕೊಂಡು ಅದೇ ಏಳು ಸ್ವರ ಮತ್ತೆ ಹಾಡಿ. ಚತುಶ್ರುತಿ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ. ಮತ್ತೆ ಶಂಕರಾಭರಣ! ರಾಗ ಬದಲಾಗಿಲ್ಲ, ಮನೆ ಬದಲಾಗಿದೆ.

"ಹಾಗಾದರೆ ಇದು ಗ್ರಹಭೇದ ಅಲ್ವಾ?" ಅಂತ ನನ್ನ ಜೊತೆ ಕಲಿಯುವವರು ಕೇಳಿದರು. ಅಲ್ಲ. ಇದನ್ನು ಎರಡು ಸಲ ಓದಿ. ಗ್ರಹಭೇದದಲ್ಲಿ ಸ್ವರಸ್ಥಾನಗಳು ಹಾಗೇ ಇರುತ್ತವೆ, ಷಡ್ಜ ಮಾತ್ರ ಸರಿಯುತ್ತದೆ. ಅದಕ್ಕೇ ಬೇರೆ ರಾಗ ಹುಟ್ಟುತ್ತದೆ. ಶಂಕರಾಭರಣದ ಪಂಚಮವನ್ನು ಷಡ್ಜ ಮಾಡಿದರೆ ಹರಿಕಾಂಬೋಜಿ. ಇಲ್ಲಿ ಷಡ್ಜ ಸರಿಯಿತು, ಜೊತೆಗೆ ಒಂದು ಸ್ವರವನ್ನೂ ತಿದ್ದಿದರು. ಶುದ್ಧ ಮಧ್ಯಮ ತೆಗೆದು ಪ್ರತಿಮಧ್ಯಮ ಇಟ್ಟರು. ಆ ಒಂದು ತಿದ್ದುಪಡಿಯಿಂದ ಹರಿಕಾಂಬೋಜಿ ಆಗಬೇಕಿದ್ದದ್ದು ಶಂಕರಾಭರಣವಾಗಿ ಉಳಿಯಿತು.

ಆ ಸ್ವರವೇ ಯಾಕೆ? ಕಲ್ಯಾಣಿಯ ಪ್ರತಿಮಧ್ಯಮ ಎಳೆದು ಹಿಡಿದು ನೋಡಿ. ಪಂಚಮಕ್ಕೆ ಹೋಗು ಹೋಗು ಅನ್ನುತ್ತದೆ. ಅದೇ ಸೆಳೆತ. ಜಿ ಷಡ್ಜವಾದ ಮೇಲೆ ಎಫ್ ಶಾರ್ಪ್ ಅದರ ಕಾಕಲಿ ನಿಷಾದ. ಹೊಸ ಷಡ್ಜದ ಬಾಗಿಲು ತೆಗೆಯುವ ಸ್ವರ ಅದು. ನಾನು ಪಿಟೀಲಿನಲ್ಲಿ ಆ ಎರಡು ಸ್ವರಗಳನ್ನಷ್ಟೇ ಹತ್ತು ನಿಮಿಷ ಉಜ್ಜಿದೆ. ಕೈಗೆ ಬಂದ ಮೇಲೆ ಕಿವಿಗೂ ಬಂತು.

ಇಷ್ಟಾದರೆ ಸೊನಾಟಾ ರೂಪ, ಅಂದರೆ ಇಂಥ ರಚನೆಗಳ ಸಾಮಾನ್ಯ ಚೌಕಟ್ಟು, ಸಲೀಸು. ಮೊದಲ ಧಾಟಿ ಮನೆಯ ಷಡ್ಜದಲ್ಲಿ, ಎರಡನೆಯದು ಸಾಮಾನ್ಯವಾಗಿ ಪಂಚಮವನ್ನೇ ಷಡ್ಜ ಮಾಡಿಕೊಂಡು. ನಡುವೆ ಅಲೆದಾಟ. ಕೊನೆಗೆ ಎರಡೂ ಮನೆಯ ಷಡ್ಜದಲ್ಲೇ. ಮೈನರ್ (ಹೆಚ್ಚುಕಡಿಮೆ ನಠಭೈರವಿಯ ಸ್ವರಗಳು) ಆದರೆ ಎರಡನೇ ಧಾಟಿ ಸಾಮಾನ್ಯವಾಗಿ ಗಾಂಧಾರಕ್ಕೆ ಹೋಗುತ್ತದೆ. ಬಿ ಮೈನರ್‌ನಿಂದ ಡಿ ಮೇಜರ್. ಅದು ಮಾತ್ರ ನಿಜವಾಗಿ ಗ್ರಹಭೇದವೇ: ನಠಭೈರವಿಯ ಗಾಂಧಾರದಿಂದ ಶಂಕರಾಭರಣ.

ನನ್ನ ಅಡ್ಡದಾರಿ

ಮೆಟ್ನರ್ ಇದನ್ನು ಬಹಳ ಬೇಗ ಬೇಗ ಮಾಡುತ್ತಾರೆ. ಮೇಲಿನ ಪಿಟೀಲು ಹಿಡಿದು ಹೋದರೆ ದಾರಿ ತಪ್ಪುತ್ತದೆ. ಸೆಲ್ಲೋ ಹಿಡಿಯಿರಿ, ಇಲ್ಲ ಪಿಯಾನೋದ ಎಡಗೈ. ಒಂದು ಸಾಲು ಮುಗಿದು ನಿರಾಳ ಅನ್ನಿಸಿದ ಕಡೆ ಕೆಳಗಿನ ಸ್ವರ ಗುನುಗಿ. ಹೆಚ್ಚಿನ ಸಲ ಅದೇ ಆ ಹೊತ್ತಿನ ಷಡ್ಜ. ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಮೊದಲು ಒಂದನೇ ಪಿಟೀಲು ಸೊನಾಟಾ ಕೇಳಿ, ಬಿ ಮೈನರ್, ಓಪಸ್ 21. ಮೂರು ಭಾಗ: ಹಾಡು, ಕುಣಿತ, ಸ್ತೋತ್ರದಂಥ ಕೊನೆ. ಮೂರನೆಯದು, ಓಪಸ್ 57, ತೀರಿಹೋದ ಅಣ್ಣನ ನೆನಪಿಗೆ ಬರೆದದ್ದು. ಮುಕ್ಕಾಲು ಗಂಟೆ ಹತ್ತಿರ ಇದೆ, ಅವಸರ ಬೇಡ.

ಕ್ವಿಂಟೆಟ್ ಬಗ್ಗೆ ನನಗೆ ವಿಶೇಷ ಪ್ರೀತಿ. 20ನೇ ಶತಮಾನದ ಆರಂಭದಲ್ಲಿ, ಯುವಕನಾಗಿದ್ದಾಗ ಹಿಡಿದ ಕೆಲಸ ಅದು. ಮುಗಿಸಿದ್ದು 1940ರ ದಶಕದ ಕೊನೆಗೆ. ನಲವತ್ತು ವರ್ಷಕ್ಕೂ ಜಾಸ್ತಿ ಜೊತೆಯಲ್ಲೇ ಇಟ್ಟುಕೊಂಡು ದೇಶ ದೇಶ ತಿರುಗಿದರು. ಮೊದಲ ಭಾಗ ತುಂಬ ಶಾಂತ. ಅದರೊಳಗೆ ಬೈಬಲ್ಲಿನ ಮಾತೊಂದನ್ನು ಇಟ್ಟಿದ್ದಾರೆ, ಹಸಿದವರು ಧನ್ಯರು ಅನ್ನುವ ಮಾತು. ದುಡ್ಡಿನ ಕಷ್ಟ ಕಂಡ ಮನುಷ್ಯ ಅದನ್ನು ಬರೆದದ್ದು ಅಂತ ಗೊತ್ತಾದ ಮೇಲೆ ನನಗೆ ಆ ಜಾಗ ಬೇರೆಯೇ ಕೇಳಿಸುತ್ತದೆ. ಕೊನೆಯ ಭಾಗದಲ್ಲಿ ಹಿಂದಿನ ಧಾಟಿಗಳು ತಿರುಗಿ ಬರುತ್ತವೆ.

ಮೊನ್ನೆ ಕೊನೆಯ ಭಾಗಕ್ಕೆ ಪೆಟ್ಟಿಗೆ ನಿಲ್ಲಿಸಿಟ್ಟು ಕೂತೆ. ಸೆಲ್ಲೋ ಹಿಡಿದು ಗುನುಗುತ್ತಾ ಹೋದೆ. ಎರಡು ಕಡೆ ತಪ್ಪಿತು, ಹಿಂದೆ ಹೋಗಿ ಹುಡುಕಿದೆ. ಮುಗಿಯುವ ಹೊತ್ತಿಗೆ ಗುನುಗುತ್ತಿದ್ದದ್ದು ಸಿ ಅನ್ನಿಸಿತು. ಪೆಟ್ಟಿಗೆ ಹಾಕಿದೆ. ಕೊನೆಯ ಸ್ವರಗುಚ್ಛ ಅದರ ಮೇಲೆ ಸರಿಯಾಗಿ ಬಂದು ಕೂತಿತು.