ರೋಧ ಅಂದರೆ ಒಂದು ಭಾಗಾಕಾರ

ಕರೆಂಟ್ ಬಂತು, ಕರೆಂಟ್ ಹೋಯ್ತು ಎಂದು ದಿನಾ ಅನ್ನುತ್ತೇವೆ. ಲೆಕ್ಕ ಹಾಕಲು ಕೂತಾಗ ಈ ಮಾತೇ ದಾರಿ ತಪ್ಪಿಸುತ್ತದೆ. ಏನೂ ಸಿಕ್ಕಿಸದ ಪ್ಲಗ್ ಪಾಯಿಂಟಿನಲ್ಲಿ ‘ಕರೆಂಟ್ ಇದೆ’ ಅಂದಾಗ ಅಲ್ಲಿರುವುದು ವೋಲ್ಟೇಜ್, ಅಂದರೆ ಕರೆಂಟನ್ನು ತಳ್ಳುವ ಒತ್ತಡ ಮಾತ್ರ. ಕರೆಂಟ್ ಸೊನ್ನೆ. ಬಲ್ಬನ್ನೋ ಇಸ್ತ್ರಿ ಪೆಟ್ಟಿಗೆಯನ್ನೋ ಹಾಕಿ ಸ್ವಿಚ್ ಒತ್ತಿದ ಮೇಲೆಯೇ ಅದು ಹರಿಯುವುದು. ಎಷ್ಟು ಹರಿಯಬೇಕು ಎಂದು ತೀರ್ಮಾನಿಸುವುದು ರೋಧ.

ವಿರೋಧ, ನಿರೋಧ, ಅವರೋಧಗಳ ಒಳಗೆ ಕೂತಿರುವ ರೋಧವೇ ಇದು. ಅರ್ಥ ತಡೆ. ಆದರೆ ಪೂರ್ತಿ ತಡೆಯುವುದಲ್ಲ. ಇಷ್ಟು ವೋಲ್ಟೇಜ್ ಕೊಟ್ಟರೆ ಇಷ್ಟೇ ಕರೆಂಟ್ ಬಿಡುತ್ತೇನೆ ಎಂಬ ಲೆಕ್ಕದ ತಡೆ. ಹಾಗಾಗಿ ಅದನ್ನು ಕಂಡುಹಿಡಿಯುವುದೂ ಸುಲಭ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ, ಬಂದದ್ದೇ ರೋಧ. 12 ವೋಲ್ಟ್ ಕೊಟ್ಟಾಗ 2 ಆಂಪಿಯರ್ ಹರಿದರೆ ರೋಧ 6 ಓಮ್.

ಓಮ್ ಎಂಬ ಹೆಸರು ಜರ್ಮನಿಯ ಗಿಯೋರ್ಗ್ ಸೈಮನ್ ಓಮ್ ಅವರದು. ಅವರ ಪುಸ್ತಕ ಬಂದದ್ದು 1827ರಲ್ಲಿ. ಆಗಿನ ಸೆಲ್‌ಗಳ ವೋಲ್ಟೇಜ್ ಒಂದೇ ಸಮನೆ ನಿಲ್ಲುತ್ತಿರಲಿಲ್ಲ. ಅದಕ್ಕೆ ಅವರು ತಾಮ್ರ ಮತ್ತು ಬಿಸ್ಮತ್ ಎಂಬ ಲೋಹ ಸೇರಿಸಿ, ಒಂದು ಜೋಡಣೆಯನ್ನು ಕುದಿಯುವ ನೀರಿನ ಬಿಸಿಯಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು, ಕದಲದ ಒಂದು ಸಣ್ಣ ವೋಲ್ಟೇಜ್ ಪಡೆದರು. ನಮಗೆ ಒಂದು ಸಾಲಿನ ಸೂತ್ರ; ಅವರಿಗೆ ಇಷ್ಟೆಲ್ಲ ಪಾಡು.

ಅದೇ ಎರಡು ಅಂಕಿಗಳನ್ನು ಭಾಗಿಸುವ ಬದಲು ಗುಣಿಸಿದರೆ ವ್ಯಾಟ್ ಸಿಗುತ್ತದೆ. ಪಾಠಪುಸ್ತಕದಲ್ಲಿ ಇದಕ್ಕೆ ವಿದ್ಯುತ್ ಸಾಮರ್ಥ್ಯ ಎನ್ನುತ್ತಾರೆ. ಯಾಕೆ ಗುಣಾಕಾರ? ವೋಲ್ಟ್ ಅಂದರೆ ಒಂದೊಂದು ಕೂಲಂಬ್ ವಿದ್ಯುದಾವೇಶ ಹೊತ್ತು ತರುವ ಶಕ್ತಿ ಎಷ್ಟು ಜೌಲ್ ಎಂಬ ಲೆಕ್ಕ. ಆಂಪಿಯರ್ ಅಂದರೆ ಸೆಕೆಂಡಿಗೆ ಎಷ್ಟು ಕೂಲಂಬ್ ಹಾದುಹೋಯಿತು ಎಂಬ ಲೆಕ್ಕ. ಒಂದು ಮೂಟೆಯಲ್ಲಿ ಎಷ್ಟಿದೆ, ಸೆಕೆಂಡಿಗೆ ಎಷ್ಟು ಮೂಟೆ ಬರುತ್ತಿದೆ ಅಂತ ಗೊತ್ತಾದರೆ ಒಟ್ಟು ಎಷ್ಟು ಬಂತು ಎಂದು ಹೇಳಬಹುದಲ್ವಾ? ಹಾಗೇ ಇದು. ಸೆಕೆಂಡಿಗೆ ಒಂದು ಜೌಲ್ ಆದರೆ ಒಂದು ವ್ಯಾಟ್. ಮೇಲಿನ ಉದಾಹರಣೆಯಲ್ಲಿ 12ನ್ನು 2ರಿಂದ ಗುಣಿಸಿ, 24 ವ್ಯಾಟ್.

ಇಲ್ಲಿಯವರೆಗೆ ಎಲ್ಲ ಸಲೀಸು. ಈಗ ಫಿಲಮೆಂಟ್ ಇರುವ ಹಳೇ ಮಾದರಿಯ ಬಲ್ಬೊಂದನ್ನು ಕೈಗೆತ್ತಿಕೊಳ್ಳಿ. ಮೇಲೆ 60 ವ್ಯಾಟ್, 230 ವೋಲ್ಟ್ ಎಂದು ಬರೆದಿದೆ. 60ನ್ನು 230ರಿಂದ ಭಾಗಿಸಿದರೆ ಕರೆಂಟ್ ಸುಮಾರು 0.26 ಆಂಪಿಯರ್. 230ನ್ನು ಅದರಿಂದ ಭಾಗಿಸಿದರೆ ರೋಧ ಸುಮಾರು 880 ಓಮ್. ಸರಿ, ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿ, ರೋಧ ಅಳೆಯಬಲ್ಲ ಮಲ್ಟಿಮೀಟರ್ ಹಿಡಿಯಿರಿ. ಅದು ತೋರಿಸುವುದು 60–70 ಓಮ್ ಆಸುಪಾಸು! ಮೊದಲ ಸಲ ಹೀಗೆ ಅಳೆದಾಗ ಮೀಟರೇ ಕೆಟ್ಟಿದೆ ಅಂದುಕೊಂಡಿದ್ದೆ.

ಮೀಟರೂ ಸರಿ, ಲೆಕ್ಕವೂ ಸರಿ. ಮೀಟರ್ ತನ್ನೊಳಗಿನ ಸೆಲ್ಲಿನಿಂದ ಚೂರು ಕರೆಂಟ್ ಬಿಟ್ಟು ಅಳೆಯಿತು, ಫಿಲಮೆಂಟ್ ತಣ್ಣಗೇ ಇತ್ತು. ಉರಿಯುವಾಗ ಅದೇ ಟಂಗ್‌ಸ್ಟನ್ ತಂತಿ ಸುಮಾರು 2,500 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಬಿಸಿಯಾದಂತೆ ರೋಧ ಹತ್ತು ಪಟ್ಟಿಗಿಂತ ಜಾಸ್ತಿ ಏರುತ್ತದೆ. ಅಂದರೆ ರೋಧವೆನ್ನುವುದು ವಸ್ತುವಿನ ಮೇಲೆ ಅಚ್ಚೊತ್ತಿದ ಅಂಕಿಯಲ್ಲ. ಆ ಹೊತ್ತಿನ ವೋಲ್ಟೇಜನ್ನು ಆ ಹೊತ್ತಿನ ಕರೆಂಟಿನಿಂದ ಭಾಗಿಸಿದಾಗ ಬರುವ ಉತ್ತರ. ಇಸ್ತ್ರಿ ಪೆಟ್ಟಿಗೆಯ ನೈಕ್ರೋಮ್ ತಂತಿ ಇಷ್ಟು ಬದಲಾಗುವುದಿಲ್ಲ, ಅಲ್ಲಿ ಎರಡೂ ಅಂಕಿ ಹೆಚ್ಚುಕಡಿಮೆ ಒಂದೇ.

ಲೆಕ್ಕ ಹಾಕುವಾಗ ಎಡವುವುದು ಸಾಮಾನ್ಯವಾಗಿ ಮಿಲಿಆಂಪಿಯರಿನಲ್ಲಿ, ಅಂದರೆ ಆಂಪಿಯರಿನ ಸಾವಿರದಲ್ಲೊಂದು ಭಾಗದಲ್ಲಿ. 9 ವೋಲ್ಟ್ ಬ್ಯಾಟರಿಗೆ 2 ವೋಲ್ಟಿನ ಎಲ್‌ಇಡಿ, 20 ಮಿಲಿಆಂಪಿಯರ್ ಸಾಕು. ಕರೆಂಟ್ ಮಿತಿಯಲ್ಲಿಡಲು ಜೊತೆಗೆ ಹಾಕುವ ರೆಸಿಸ್ಟರ್ ಮೇಲೆ ಉಳಿಯುವುದು 7 ವೋಲ್ಟ್. ಸುಮ್ನೆ 7ನ್ನು 20ರಿಂದ ಭಾಗಿಸಿದರೆ ಅರ್ಧ ಓಮೂ ಬರುವುದಿಲ್ಲ. ಅದನ್ನು ನಂಬಿ ಜೋಡಿಸಿದರೆ ಎಲ್‌ಇಡಿ ಸುಟ್ಟಿತು ಅನ್ನಿ. 20ನ್ನು 0.02 ಮಾಡಿಕೊಂಡರೆ 350 ಓಮ್.

ಫ್ಯಾನು, ಮೋಟಾರುಗಳಿಗೆ ಈ ಲೆಕ್ಕ ನೇರವಾಗಿ ಒಗ್ಗುವುದಿಲ್ಲ. ಎಸಿ, ಅಂದರೆ ದಿಕ್ಕು ಬದಲಿಸುತ್ತ ಹರಿಯುವ ಕರೆಂಟಿನ ಮೋಟಾರಿನಲ್ಲಿ ವೋಲ್ಟೇಜೂ ಕರೆಂಟೂ ಒಟ್ಟೊಟ್ಟಿಗೆ ಏರಿಳಿಯುವುದಿಲ್ಲ, ಹಾಗಾಗಿ ಗುಣಿಸಿದಾಗ ಬರುವ ಅಂಕಿ ನಿಜವಾದ ವ್ಯಾಟಿಗಿಂತ ಜಾಸ್ತಿ ಇರುತ್ತದೆ. ಅದನ್ನು ಪವರ್ ಫ್ಯಾಕ್ಟರ್ ಎಂಬ, ಒಂದಕ್ಕಿಂತ ಚಿಕ್ಕ ಅಂಕಿಯಿಂದ ಮತ್ತೆ ಗುಣಿಸಬೇಕು.

ಇನ್ನೊಂದು ಗೊಂದಲ ಬಿಡಿಸಿಕೊಳ್ಳಬೇಕು. ರೋಧ ಜಾಸ್ತಿಯಾದರೆ ಬಿಸಿ ಜಾಸ್ತಿಯೋ ಕಡಿಮೆಯೋ? ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೂ ವ್ಯಾಟ್ ಬರುತ್ತದೆ, ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೂ ಬರುತ್ತದೆ. ಮೊದಲನೆಯದು ಜಾಸ್ತಿ ಅನ್ನುತ್ತದೆ, ಎರಡನೆಯದು ಕಡಿಮೆ ಅನ್ನುತ್ತದೆ. ಯಾವುದು ಬದಲಾಗದೆ ನಿಂತಿದೆ ಎಂದು ನೋಡಿದರೆ ಜಗಳ ಮುಗಿಯಿತು. 230 ವೋಲ್ಟಿಗೆ ನೇರ ಸಿಕ್ಕಿಸಿದ ಹೀಟರಿಗೆ ವೋಲ್ಟೇಜ್ ನಿಂತಿದೆ, ಹಾಗಾಗಿ ರೋಧ ಕಡಿಮೆಯಿದ್ದದ್ದೇ ಜಾಸ್ತಿ ಕಾಯುತ್ತದೆ. ಸಡಿಲವಾದ ಪ್ಲಗ್ಗಿನ ಕತೆ ಬೇರೆ. 1,000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಸುಮಾರು 4.3 ಆಂಪಿಯರ್ ಎಳೆಯುತ್ತಿದೆ. ಪಿನ್ನು ಸರಿಯಾಗಿ ಕಚ್ಚದ ಕಡೆ ಅರ್ಧ ಓಮ್ ರೋಧ ಸೇರಿಕೊಂಡರೂ ಕರೆಂಟ್ ಹೆಚ್ಚೇನೂ ಇಳಿಯುವುದಿಲ್ಲ. 4.3ರ ವರ್ಗವನ್ನು ಅರ್ಧದಿಂದ ಗುಣಿಸಿ, 9 ವ್ಯಾಟಿಗೂ ಜಾಸ್ತಿ. ಅಷ್ಟೂ ಬಿಸಿ ಬೆರಳ ತುದಿಗಿಂತ ಚಿಕ್ಕ ಲೋಹದ ಮೇಲೆ. ಇಸ್ತ್ರಿ ಮಾಡಿ ಮುಗಿಸಿ ಪ್ಲಗ್ ಕಿತ್ತಾಗ ಒಂದು ಪಿನ್ನು ಮಾತ್ರ ಕಪ್ಪಾಗಿದ್ದರೆ, ಆ ಅರ್ಧ ಓಮ್ ಅಲ್ಲೇ ಕೂತಿತ್ತು ಅಂತ.