ಗೇರ್ ಸೈಕಲ್ ತಂದಿರಾ? ಮೊದಲು ಕಡ್ಡಿ ಮೀಟಿ ನೋಡಿ

ತೀರ್ಥಹಳ್ಳಿ ಹತ್ತಿರದ ನನ್ನ ತಂಗಿ ಮನೆಗೆ ಹೋದ ವರ್ಷ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಮೌಂಟೇನ್ ಬೈಕ್. ನಮ್ಮ ಕಡೆ ಅದಕ್ಕೆ ಗೇರ್ ಸೈಕಲ್ ಅಂತಲೇ ಹೆಸರು. ಪಿಯುಸಿ ಓದುವ ಅಳಿಯ ಆನ್‌ಲೈನ್‌ನಲ್ಲಿ ತರಿಸಿದ್ದ. ಶಿವಮೊಗ್ಗದ ಸೈಕಲ್ ಶಾಪಿನಲ್ಲಿ ಹೇಳಿದ ಬೆಲೆಗಿಂತ ಎರಡು ಸಾವಿರ ಕಡಿಮೆ. ಶೇಕಡಾ 85ರಷ್ಟು ಜೋಡಿಸಿಯೇ ಕಳಿಸಿದ್ದೇವೆ ಅಂತ ಜೊತೆಗಿದ್ದ ಕಾಗದದಲ್ಲಿತ್ತು. ಉಳಿದದ್ದನ್ನು ಅವನೇ ಜೋಡಿಸಿದ.

ವಾರಕ್ಕೆ ಮೊದಲ ಫೋನ್ ಬಂತು. "ಮಾವ, ಎಡಗಡೆ ಪೆಡಲ್ ಕಳಚಿ ಬಿತ್ತು." ಎರಡು ತಿಂಗಳಿಗೆ ಇನ್ನೊಂದು ಫೋನ್. "ಹಿಂದಿನ ಚಕ್ರ ಹಾವಿನ ಥರ ಆಡ್ತಿದೆ. ಮೂರು ಕಡ್ಡಿ ಮುರಿದಿದೆ." ಅಷ್ಟರಲ್ಲಿ ತಂಗಿ ಹ್ಯಾಂಡಲ್‌ಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಆಗಿತ್ತು. ಹೊಸ ಸೈಕಲ್ ಮೇಲೆ ಯಾರದೋ ದೃಷ್ಟಿ ಬಿದ್ದಿದೆ ಅಂತ.

ಇದನ್ನು ಕೇಳಿ ನನಗೆ ಸುಮ್ನೆ ಕೂರಲು ಆಗಲಿಲ್ಲ. ತಂಗಿಯ ಮೇಲೆ ಸಿಟ್ಟಿಲ್ಲ. ಆದರೆ ಮಗನ ಸೈಕಲ್‌ನ ಬ್ರೇಕ್ ಹಿಡಿಯುತ್ತದಾ ಅಂತ ನೋಡುವ ಮೊದಲೇ ನಿಂಬೆಹಣ್ಣು ಹುಡುಕುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಅದು ನನಗೆ ನಿಜವಾಗಿಯೂ ಭಯ ಹುಟ್ಟಿಸುತ್ತದೆ. ಪೆಡಲ್ ಬಿದ್ದದ್ದಕ್ಕೆ ಕಾರಣ ಇದೆ. ಕಡ್ಡಿ ಮುರಿದದ್ದಕ್ಕೂ ಇದೆ. ಅವನ್ನು ತಿಳಿದುಕೊಂಡರೆ ಅಂಗಡಿಯವರು ಜಾಸ್ತಿ ಕೇಳುವ ಆ ಎರಡು ಸಾವಿರ ಯಾವುದಕ್ಕೆ ಅನ್ನೋದೂ ಅರ್ಥವಾಗುತ್ತದೆ.

ಪೆಡಲ್ ವಿಷಯ ಬೇಗ ಮುಗಿಸುತ್ತೇನೆ. ಬಲಗಡೆ ಪೆಡಲ್‌ನ ಮರೆ, ಅಂದರೆ ಸ್ಕ್ರೂವಿನ ಸುರುಳಿ ಗೆರೆ, ಎಲ್ಲ ಬೋಲ್ಟ್‌ಗಳ ಹಾಗೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಎಡಗಡೆಯದು ಉಲ್ಟಾ, ಎಡಕ್ಕೆ ತಿರುಗಿಸಬೇಕು. ಯಾಕೆ? ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಅದನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು, ಇನ್ನೊಂದು ಕೈಯಿಂದ ಅದರ ತುದಿಯನ್ನು ಗಡಿಯಾರದ ಮುಳ್ಳಿನ ಹಾಗೆ ವೃತ್ತದಲ್ಲಿ ಸುತ್ತಿಸಿ. ಬೆರಳಿಗೆ ಉಜ್ಜಿಕೊಂಡು ಪೆನ್ಸಿಲ್ ತಾನಾಗಿ ಉಲ್ಟಾ ದಿಕ್ಕಿಗೆ ಉರುಳುತ್ತದೆ. ನಾವು ತುಳಿಯುವಾಗ ಪೆಡಲ್‌ನ ಅಚ್ಚಿಗೂ ಹೀಗೇ ಆಗುತ್ತದೆ. ಮರೆಯೊಳಗಿನ ಕೂದಲೆಳೆಯಷ್ಟು ಜಾಗದಲ್ಲಿ ಅದು ಉರುಳುತ್ತಲೇ ಇರುತ್ತದೆ. ಎರಡೂ ಕಡೆ ಒಂದೇ ಥರದ ಮರೆ ಇದ್ದರೆ ಎಡಗಡೆಯದು ದಾರಿಯಲ್ಲೇ ಬಿಚ್ಚಿಕೊಳ್ಳುತ್ತಿತ್ತು. ಅಳಿಯ ಎಡ ಪೆಡಲನ್ನು ಬಲಕ್ಕೆ ತಿರುಗಿಸಿ, ಹೋಗದಿದ್ದಾಗ ಸ್ಪ್ಯಾನರ್ ಹಾಕಿ ಒತ್ತಿದ್ದ. ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್‌ನ ಮರೆ ಸವೆದೇ ಹೋಯಿತು.

ಈಗ ಚಕ್ರಕ್ಕೆ ಬರೋಣ. ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇದೇ.

ಎತ್ತಿನ ಗಾಡಿಯ ಚಕ್ರ ನೆನಪಿಸಿಕೊಳ್ಳಿ. ನಡುವಿನ ದಿಮ್ಮಿಯಿಂದ ಸುತ್ತಲೂ ಮರದ ಕಾಲುಗಳು. ಗಾಡಿಯ ಭಾರ ಕೆಳಗಿನ ಕಾಲಿನ ಮೇಲೆ ನಿಂತಿರುತ್ತದೆ, ಮನೆ ಕಂಬದ ಮೇಲೆ ನಿಂತ ಹಾಗೆ. ಸೈಕಲ್ ಕಡ್ಡಿ ಹಾಗಲ್ಲ. ಅದು ಸುಮಾರು 2 ಮಿಲಿಮೀಟರ್ ದಪ್ಪದ ತಂತಿ. ಒಂದು ಕಡ್ಡಿಯನ್ನು ನೆಲಕ್ಕೆ ನಿಲ್ಲಿಸಿ ಅಂಗೈಯಿಂದ ಒತ್ತಿ. ತಕ್ಷಣ ಬಾಗುತ್ತದೆ. ಇಂಥ ತಂತಿಗಳ ಮೇಲೆ ಒಬ್ಬ ಮನುಷ್ಯ, ಅವನ ಬೆನ್ನಿಗೊಂದು ಚೀಲ, ಕೆಳಗೆ ಜಂಬಿಟ್ಟಿಗೆ ಕಲ್ಲಿನ ದಾರಿ. ಹೇಗೆ ತಡೆಯುತ್ತದೆ?

ಉತ್ತರ ಎಳೆತದಲ್ಲಿದೆ. ಚೆನ್ನಾಗಿ ಕಟ್ಟಿದ ಚಕ್ರದಲ್ಲಿ ಒಂದೊಂದು ಕಡ್ಡಿಯೂ ಸುಮಾರು 100 ಕೆ.ಜಿ. ತೂಕ ನೇತುಹಾಕಿದಷ್ಟು ಬಿಗಿಯಾಗಿರುತ್ತದೆ. 36 ಕಡ್ಡಿ ಇದ್ದರೆ ಒಟ್ಟು 3,600 ಕೆ.ಜಿ. ಎಳೆತ. ನೀವು ಹತ್ತುವ ಮೊದಲೇ, ಗೋಡೆಗೆ ಒರಗಿಸಿಟ್ಟಾಗಲೂ ಅಷ್ಟು ಎಳೆತ ಆ ಚಕ್ರದೊಳಗೆ ಇರುತ್ತದೆ. ನನಗೆ ಇದು ಎಷ್ಟು ಸಲ ಯೋಚಿಸಿದರೂ ಸೋಜಿಗವೇ.

ನೀವು ಹತ್ತಿ ಕೂತಾಗ ಏನಾಗುತ್ತದೆ? ಮೇಲಿನ ಕಡ್ಡಿಗಳಿಂದ ಹಬ್, ಅಂದರೆ ಚಕ್ರದ ನಡುವಿನ ಗುಂಬ, ನೇತಾಡುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಆದರೆ ಅಳೆದು ನೋಡಿದರೆ ಮೇಲಿನ ಕಡ್ಡಿಗಳ ಬಿಗಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ನೆಲದ ಹತ್ತಿರದ ನಾಲ್ಕಾರು ಕಡ್ಡಿಗಳ ಬಿಗಿ ಮಾತ್ರ ಇಳಿಯುತ್ತದೆ. ಹಗ್ಗ ಜಗ್ಗಾಟ ನೋಡಿದ್ದೀರಲ್ಲ. ಎರಡೂ ಕಡೆಯವರು ಸಮಸಮ ಎಳೆಯುವಾಗ ನಡುವಿನ ಕರ್ಚೀಫು ಅಲ್ಲಾಡುವುದಿಲ್ಲ. ಒಂದು ಕಡೆಯವರು ಸ್ವಲ್ಪ ಕೈ ಸಡಿಲ ಮಾಡಿದರೆ ಸಾಕು, ಯಾರೋ ತಳ್ಳಿದ ಹಾಗೆ ಅದು ಇನ್ನೊಂದು ಕಡೆಗೆ ಹೋಗುತ್ತದೆ. ಕೆಳಗಿನ ಕಡ್ಡಿ 100ರಿಂದ 60ಕ್ಕೆ ಇಳಿದರೆ, 40 ಕೆ.ಜಿ. ಮೇಲಕ್ಕೆ ತಳ್ಳಿದಷ್ಟೇ ಕೆಲಸ ಆಗುತ್ತದೆ. ಹೀಗೆ ತಳ್ಳಲು ಬಾರದ ತಂತಿಯೂ ಬಿಗಿ ಬಿಟ್ಟುಕೊಟ್ಟು ಭಾರ ಹೊರುತ್ತದೆ.

ಇನ್ನೊಂದು ರೀತಿ ಹೇಳುತ್ತೇನೆ. ಹಿಂದೆ ಮಲೆನಾಡಿನ ಮನೆಗಳಲ್ಲಿ ದೂರದರ್ಶನದ ಸಿಗ್ನಲ್ ಹಿಡಿಯಲು ಉದ್ದದ ಬಿದಿರಿನ ತುದಿಗೆ ಆಂಟೆನಾ ಕಟ್ಟುತ್ತಿದ್ದರು. ಬಿದಿರನ್ನು ನಾಲ್ಕು ದಿಕ್ಕಿಗೆ ತಂತಿ ಎಳೆದು ಕಟ್ಟುತ್ತಿದ್ದರು. ನಾಲ್ಕೂ ಬಿಗಿಯಾಗಿದ್ದರೆ ಆಷಾಢದ ಗಾಳಿಗೂ ಅದು ಜಗ್ಗುತ್ತಿರಲಿಲ್ಲ. ಒಂದು ತಂತಿ ಸಡಿಲಾದರೂ ಸಾಕು, ಬಿದಿರು ಓಲಾಡಲು ಶುರು. ಓಲಾಡಿ ಓಲಾಡಿ ಉಳಿದ ತಂತಿಗಳನ್ನೂ ಸಡಿಲ ಮಾಡುತ್ತಿತ್ತು. ಚಕ್ರವೂ ಹೀಗೇ ಕೆಡುತ್ತದೆ. ಎತ್ತಿನ ಗಾಡಿಯಲ್ಲೂ ಇದರ ತಮ್ಮನಂಥ ಉಪಾಯವೊಂದಿದೆ. ಕಮ್ಮಾರರು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಚಕ್ರಕ್ಕೆ ತೊಡಿಸಿ ನೀರು ಹಾಕುತ್ತಾರೆ. ಪಟ್ಟಿ ಕುಗ್ಗಿ ಮರದ ಕಾಲುಗಳನ್ನೆಲ್ಲ ಒಳಕ್ಕೆ ಒತ್ತಿ ಹಿಡಿಯುತ್ತದೆ. ಅಲ್ಲಿ ಒತ್ತಿ ಇಟ್ಟಿದ್ದಾರೆ, ಇಲ್ಲಿ ಎಳೆದು ಇಟ್ಟಿದ್ದಾರೆ. ಎರಡರಲ್ಲೂ ಭಾರ ಬರುವ ಮೊದಲೇ ಚಕ್ರ ತಯಾರಾಗಿರುತ್ತದೆ.

ತಂತಿ ಎಳೆದು ಚಕ್ರ ಕಟ್ಟುವ ಈ ಯೋಚನೆ ಮೊದಲು ಬಂದದ್ದು ಸೈಕಲ್‌ಗಾಗಿ ಅಲ್ಲ. 1808ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೇಲಿ ಹಾರುವ ಯಂತ್ರದ ಕನಸು ಕಾಣುತ್ತಿದ್ದ. ಅದಕ್ಕೆ ಹಗುರವಾದ ಚಕ್ರ ಬೇಕಾಗಿತ್ತು. ಆಗ ಹೊಳೆದದ್ದು ಇದು. ಸೈಕಲ್‌ಗೆ ತಂತಿ ಕಡ್ಡಿ ಬರಲು ಇನ್ನೂ 60 ವರ್ಷ ಬೇಕಾಯಿತು. 1874ರಲ್ಲಿ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಕಡ್ಡಿಗಳನ್ನು ಹಬ್‌ನಿಂದ ನೇರವಾಗಿ ಎಳೆಯದೆ ಓರೆಯಾಗಿ, ಒಂದರ ಮೇಲೊಂದು ದಾಟಿಸಿ ಕಟ್ಟಿದ. ಕಡಗೋಲಿನ ಹಗ್ಗವನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಹಗ್ಗ ಪಕ್ಕದಿಂದ ಎಳೆಯುವುದರಿಂದ ಕಡಗೋಲು ತಿರುಗುತ್ತದೆ. ನಡುವಿನಿಂದ ಎಳೆದರೆ ಸುಮ್ನೆ ವಾಲುತ್ತದೆ ಅಷ್ಟೇ. ತುಳಿದ ಶಕ್ತಿ ಹಬ್‌ನಿಂದ ರಿಮ್‌ಗೆ ಹೋಗಲೂ ಪಕ್ಕದ ಎಳೆತ ಬೇಕು. ಜೇಮ್ಸ್‌ನ ಅಣ್ಣನ ಅಥವಾ ತಮ್ಮನ ಮಗ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹೆಚ್ಚುಕಡಿಮೆ ಸಮ ಇರುವ ಎರಡು ಚಕ್ರದ ರೋವರ್ ಸೈಕಲ್ ತಂದ. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಇವತ್ತಿನ ಸೈಕಲ್ ಮೂಲದಲ್ಲಿ ಅದೇ.

ಹಾಗಾದರೆ ಹೊಸ ಸೈಕಲ್‌ನ ಚಕ್ರ ಯಾಕೆ ಕೆಡಬೇಕು? ಕಡ್ಡಿಯ ತುದಿಯಲ್ಲಿ ರಿಮ್‌ಗೆ ಕೂರುವ ಪುಟ್ಟ ನಟ್ಟು, ಅಂದರೆ ನಿಪ್ಪಲ್ ತಿರುಗಿಸಿದರೆ ಕಡ್ಡಿ ಬಿಗಿಯಾಗುತ್ತದೆ. ಆದರೆ ಆಗ ಕಡ್ಡಿಯೂ ಜೊತೆಗೆ ಸ್ವಲ್ಪ ಹೊಸೆದುಕೊಳ್ಳುತ್ತದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಕಾರ್ಖಾನೆಯಲ್ಲಿ ಬೇಗ ಬೇಗ ಕಟ್ಟಿದ ಚಕ್ರದಲ್ಲಿ ಆ ಹೊಸೆತ ಹಾಗೇ ಉಳಿದುಬಿಡುತ್ತದೆ. ಮೊದಲ ಸಲ ಹತ್ತಿ ಹೊರಟಾಗ ಟಿಣ್ ಟಿಣ್ ಅಂತ ಸದ್ದು ಬರುತ್ತದಲ್ಲ, ಅದು ಕಡ್ಡಿಗಳು ಹೊಸೆತ ಬಿಚ್ಚಿಕೊಳ್ಳುವ ಸದ್ದು. ಬಿಚ್ಚಿದಷ್ಟೂ ಬಿಗಿ ಇಳಿಯುತ್ತದೆ. ಕಡ್ಡಿಯ ಬಾಗಿದ ತಲೆಯೂ ಹಬ್‌ನ ತೂತಿನಲ್ಲಿ ಕೂತು ಹೊಂದಿಕೊಳ್ಳುತ್ತದೆ. ಬಿಗಿ ಇನ್ನಷ್ಟು ಇಳಿಯುತ್ತದೆ.

ಇನ್ನು ಲೆಕ್ಕ ನೋಡಿ. 26 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.07 ಮೀಟರ್ ಹೋಗುತ್ತದೆ. ಒಂದು ಕಿಲೋಮೀಟರ್‌ಗೆ ಸುಮಾರು 480 ಸುತ್ತು. ಪ್ರತಿ ಸುತ್ತಿಗೂ ಪ್ರತಿ ಕಡ್ಡಿಯೂ ಒಂದು ಸಲ ಸಡಿಲಾಗಿ ಮತ್ತೆ ಬಿಗಿಯಾಗುತ್ತದೆ. ಅಳಿಯ ಕಾಲೇಜಿಗೆ ಹೋಗಿಬಂದರೆ 12 ಕಿಲೋಮೀಟರ್. ತಿಂಗಳಿಗೆ 25 ದಿನ ಅಂದುಕೊಂಡರೆ 1,44,000 ಸಲ. ಬಿಗಿ ಸರಿಯಾಗಿದ್ದರೆ ಇದು ಕಡ್ಡಿಗೆ ಏನೂ ಅಲ್ಲ. ಮೊದಲೇ ಸಡಿಲವಿದ್ದರೆ ಪ್ರತಿ ಸುತ್ತಿಗೂ ಪೂರ್ತಿ ಜೋಲು ಬೀಳುತ್ತದೆ, ಬಾಗಿದ ತಲೆ ತೂತಿನಲ್ಲಿ ಅಲ್ಲಾಡುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ನಾವು ಮುರಿಯುವುದಿಲ್ವಾ? ಅದೇ ಕೆಲಸವನ್ನು ರಸ್ತೆ ಮಾಡುತ್ತದೆ. ಎರಡು ತಿಂಗಳಿಗೆ ಮೂರು ಕಡ್ಡಿ ಮುರಿದದ್ದರಲ್ಲಿ ಯಾರ ಕಣ್ಣಿನ ಪಾತ್ರವೂ ಇಲ್ಲ.

ಇದಕ್ಕೆ ಮದ್ದು ಬಹಳ ಸುಲಭ. ಮಾರುವ ಮೊದಲು ಚಕ್ರದ ಬೆಂಡ್ ತೆಗೆದು ಕಡ್ಡಿಗಳನ್ನು ಸಮ ಮಾಡಬೇಕು. ತಿಂಗಳು ಓಡಿಸಿದ ಮೇಲೆ ಇನ್ನೊಂದು ಸಲ ಮಾಡಬೇಕು. ಒಳ್ಳೆಯ ಶಾಪಿನವರು ಇದೆರಡನ್ನೂ ಬೆಲೆಯಲ್ಲೇ ಸೇರಿಸಿರುತ್ತಾರೆ. ಪೆಟ್ಟಿಗೆಯಲ್ಲಿ ಬಂದ ಸೈಕಲ್‌ಗೆ ಇದೆರಡೂ ಆಗಿರುವುದಿಲ್ಲ. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಹಿಂದುಮುಂದಾಗಿ ಕೂತಿರುವ ಸೈಕಲ್‌ಗಳನ್ನೂ ನಾನು ರಸ್ತೆಯಲ್ಲಿ ನೋಡಿದ್ದೇನೆ. ಗೇರ್ ತಾನಾಗಿ ಹಾರುವುದೂ ಹೀಗೇ. 'ವೈರ್ ಉದ್ದ ಆಯ್ತು' ಅನ್ನುತ್ತಾರೆ. ಹೆಚ್ಚಾಗಿ ಉದ್ದ ಆಗಿರುವುದಿಲ್ಲ. ಅದರ ಹೊರಗಿನ ಕವಚದ ತುದಿಗಳು ಒತ್ತಿ ಕೂತಿರುತ್ತವೆ. ಅದಕ್ಕೂ ಎರಡು ನಿಮಿಷದ ಕೆಲಸ, ಮಾಡಲು ಬರುವವರು ಬೇಕು.

ಮಲೆನಾಡಿನಲ್ಲಿ ಬ್ರೇಕ್ ಬಗ್ಗೆ ಹೇಳದೆ ಇರಲು ಆಗುವುದಿಲ್ಲ. ಆಗುಂಬೆ ಘಾಟಿ ಇಳಿಯುವಾಗ ಸುಮಾರು 500 ಮೀಟರ್ ಕೆಳಗೆ ಬರುತ್ತೇವೆ. ಸವಾರ, ಸೈಕಲ್ ಸೇರಿ 80 ಕೆ.ಜಿ. ಅಂದರೆ ಸುಮಾರು 3.9 ಲಕ್ಷ ಜೂಲ್ ಶಕ್ತಿ. ಒಂದು ಲೀಟರ್ ತಣ್ಣೀರನ್ನು ಕುದಿಸಿ ಇನ್ನೂ ಮಿಗುವಷ್ಟು. ಗಾಳಿಗೆ ಹೋಗುವುದು ಬಿಟ್ಟರೆ ಉಳಿದ ಬಿಸಿಯೆಲ್ಲ ಬ್ರೇಕಿಗೆ. ಮೌಂಟೇನ್ ಬೈಕ್ ಹುಟ್ಟಿದ್ದೇ ಇಂಥ ಇಳಿಜಾರಿನಲ್ಲಿ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು 1976ರಿಂದ ಹಳೆಯ ದಪ್ಪ ಟೈರಿನ ಸೈಕಲ್‌ಗಳಲ್ಲಿ ಮಣ್ಣಿನ ಗುಡ್ಡ ಇಳಿಯುವ ಪಂದ್ಯ ನಡೆಸುತ್ತಿದ್ದರು. ಹಬ್‌ನೊಳಗಿನ ಬ್ರೇಕ್ ಎಷ್ಟು ಕಾಯುತ್ತಿತ್ತು ಅಂದರೆ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಇಂಗ್ಲಿಷಿನಲ್ಲಿ ಹಾಗೆ ತುಂಬುವುದಕ್ಕೆ ರೀಪ್ಯಾಕ್ ಅನ್ನುತ್ತಾರೆ. ಆ ದಾರಿಗೆ ಅದೇ ಹೆಸರಾಯಿತು. ಅವರಲ್ಲೊಬ್ಬ, ಜೋ ಬ್ರೀಜ್, 1977ರಲ್ಲಿ ಈ ಕೆಲಸಕ್ಕೆಂದೇ ಹೊಸ ಫ್ರೇಮ್ ಕಟ್ಟಿದ. ನಮ್ಮಲ್ಲಿ ಬಿಸಿಯ ಜೊತೆ ಮಳೆಯೂ ಇದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ. ರಿಮ್ ಹಿಡಿಯುವ ಬ್ರೇಕ್ ಮೊದಲು ರಿಮ್‌ನ ನೀರು ಒರೆಸಬೇಕು, ಆಮೇಲೆ ಹಿಡಿಯಬೇಕು. ಹಬ್ ಹತ್ತಿರದ ಡಿಸ್ಕ್ ಬ್ರೇಕಿಗೆ ರಾಡಿ ಅಷ್ಟಾಗಿ ಮೆತ್ತುವುದಿಲ್ಲ. ಇಲ್ಲಿಗೆ ಡಿಸ್ಕ್ ಒಳ್ಳೆಯದು ಅಂತ ನಾನು ಖಂಡಿತ ಹೇಳುತ್ತೇನೆ.

ಗೇರ್ ಜಾಸ್ತಿ ಇದ್ದರೆ ಸ್ಪೀಡ್ ಜಾಸ್ತಿ ಅನ್ನುವುದು ಇನ್ನೊಂದು ತಪ್ಪು ನಂಬಿಕೆ. ಇದನ್ನು ಕೆಲವು ಅಂಗಡಿಯವರೂ ಹೇಳುತ್ತಾರೆ, ಬೇಜಾರಾಗುತ್ತದೆ. ಚೈನ್ ಕೂರುವ ಚಕ್ರಗಳಲ್ಲಿ ಮುಂದೆ 42, 34, 24 ಹಲ್ಲು, ಹಿಂದೆ 14ರಿಂದ 28 ಹಲ್ಲಿರುವ ಸಾಮಾನ್ಯ 21 ಗೇರ್ ಸೈಕಲ್ ತೆಗೆದುಕೊಳ್ಳಿ. 42ನ್ನು 28ರಿಂದ ಭಾಗಿಸಿದರೆ 1.5, ಅಂದರೆ ಪೆಡಲ್ ಒಂದು ಸುತ್ತಿಗೆ ಹಿಂದಿನ ಚಕ್ರ ಒಂದೂವರೆ ಸುತ್ತು. 24ನ್ನು 16ರಿಂದ ಭಾಗಿಸಿದರೂ 1.5. ಎರಡು ಗೇರ್, ಒಂದೇ ಲೆಕ್ಕ. ಹೀಗೆ ಎಷ್ಟೋ ಗೇರ್‌ಗಳು ಒಂದರ ಮೇಲೊಂದು ಬೀಳುತ್ತವೆ. ನಮ್ಮ ಏರಿಗೆ ಬೇಕಾದದ್ದು ಮುಂದಿನ ಚಿಕ್ಕದು, ಹಿಂದಿನ ದೊಡ್ಡದು. ಅದೊಂದು ಸರಿಯಾಗಿ ಬೀಳುತ್ತದಾ ಅಂತ ಓಡಿಸಿ ನೋಡಿ.

ಆನ್‌ಲೈನ್‌ನಲ್ಲಿ ತಗೋಬೇಡಿ ಅಂತ ನಾನು ಹೇಳುತ್ತಿಲ್ಲ. ಹೊಸನಗರದ ಒಳಗಿನ ಹಳ್ಳಿಯವರಿಗೆ ಅದು ದೊಡ್ಡ ಅನುಕೂಲ. ಅಂಗಡಿಯಲ್ಲಿ ಇದ್ದದ್ದನ್ನೇ ಎತ್ತರದ ಹುಡುಗನಿಗೂ ಗಿಡ್ಡ ಹುಡುಗನಿಗೂ ಕೊಟ್ಟು ಕಳಿಸುವವರೂ ಇದ್ದಾರೆ. ಆನ್‌ಲೈನ್‌ನಲ್ಲಿ ಅಳತೆ ನೋಡಿ ಆರಿಸಬಹುದು. ಆದರೆ ಎರಡು ಕೆಲಸ ಮಾಡಿ. ನಿಮ್ಮ ಊರಿನಲ್ಲಿ ಅದರ ಟೈರ್, ಟ್ಯೂಬ್ ಸಿಗುತ್ತದಾ ಕೇಳಿ. ಹೆಸರು ನೋಡಿ ಮೋಸ ಹೋಗಬೇಡಿ. ಅಜ್ಜನ ಕಾಲದ 28 ಇಂಚಿನ ಸೈಕಲ್‌ನ ರಿಮ್ ಅಳತೆ 635 ಮಿಲಿಮೀಟರ್. ಹೊಸ 29ರದ್ದು 622. ಹೆಸರಿನಲ್ಲಿ ದೊಡ್ಡದು, ರಿಮ್‌ನಲ್ಲಿ ಚಿಕ್ಕದು. 27.5ರದ್ದು 584, 26ರದ್ದು 559. ಟೈರಿನ ಬದಿಯಲ್ಲಿ ಈ ಮೂರಂಕಿ ಬರೆದಿರುತ್ತದೆ, ಅದನ್ನೇ ನಂಬಿ. ಎರಡನೆಯದು, ಪೆಟ್ಟಿಗೆ ಬಿಚ್ಚುವ ಮೊದಲೇ ಹತ್ತಿರದ ಸೈಕಲ್ ಶಾಪಿನವರ ಹತ್ತಿರ ಮಾತಾಡಿ. ಅವರ ಕೂಲಿ ಕೊಟ್ಟು ಅವರಿಂದಲೇ ಜೋಡಿಸಿ. ತಿಂಗಳ ನಂತರ ಮತ್ತೆ ಒಯ್ಯಿರಿ.

ಅಳಿಯನ ಸೈಕಲ್ಲನ್ನು ನಾವು ಕೊನೆಗೆ ಶಿವಮೊಗ್ಗಕ್ಕೆ ತಂದೆವು. ಶಾಪಿನ ಹಿರಿಯರು ಹೊಸ ಕ್ರ್ಯಾಂಕ್ ಹಾಕಿದರು. ಹಿಂದಿನ ಚಕ್ರ ಬಿಚ್ಚಿ ಸ್ಟ್ಯಾಂಡಿಗೆ ಹಾಕಿ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿದರು. ತಂಬೂರಿ ಶ್ರುತಿ ಮಾಡುವವರ ಹಾಗೆ ತಲೆ ಓರೆ ಮಾಡಿ ಕೇಳಿದರು. ಕೆಲವು ಟಿಣ್ ಅಂದವು, ಕೆಲವು ಡಬ್ ಅಂದವು. ಫ್ರಾನ್ಸಿನ ವಿದ್ವಾಂಸ ಮರ್ಸೆನ್ 1636ರಲ್ಲೇ ಬರೆದಿಟ್ಟ ನಿಯಮ ಇದು: ತಂತಿಯ ಎಳೆತ ನಾಲ್ಕು ಪಟ್ಟು ಆದರೆ ಅದರ ಕಂಪನ ಎರಡು ಪಟ್ಟು. ಅಂದರೆ ಸ್ವರ ಕೇಳಿದರೆ ಬಿಗಿ ಗೊತ್ತಾಗುತ್ತದೆ. ಹಿಂದಿನ ಚಕ್ರದಲ್ಲಿ ಮಾತ್ರ ಗೇರ್ ಇರುವ ಬಲಗಡೆಯ ಕಡ್ಡಿಗಳು ಎಡಗಡೆಗಿಂತ ಜಾಸ್ತಿ ಬಿಗಿ ಇರಬೇಕು. ಹಾಗಾಗಿ ಬಲವನ್ನು ಬಲದ ಜೊತೆಗೆ, ಎಡವನ್ನು ಎಡದ ಜೊತೆಗೆ ಹೋಲಿಸಬೇಕು.

ಅರ್ಧ ಗಂಟೆ ಹಿಡಿಯಿತು. ಚಕ್ರ ತಿರುಗಿಸಿದರೆ ರಿಮ್ ಒಂದು ಗೆರೆಯ ಹಾಗೆ ನಿಂತಿತು. ಅಳಿಯ ಬಗ್ಗಿ ಬಲಗಡೆಯ ಒಂದು ಕಡ್ಡಿ ಮೀಟಿದ. ಪಕ್ಕದ್ದನ್ನು ಮೀಟಿದ. "ಮಾವ, ಎರಡೂ ಒಂದೇ ಥರ ಕೇಳ್ತಿದೆ" ಅಂದ. ಮನೆಗೆ ಹೋಗುವ ತನಕ ಅವನು ಮುಂದಿನ ಚಕ್ರವನ್ನೂ ಬಿಡಲಿಲ್ಲ.